ಜಗಲಿಯ ಮೇಲಿನ ಎಲೆ

ಮುನಿಲಕ್ಷ್ಮಿ ಅಂಗಡಿಗೆ ಹೋಗುವಾಗ ಬಾಯಿಯನ್ನು ಮುಂದೆ ಕಳಿಸಿ ಮುಖವನ್ನು ಹಿಂದೆ ತರುತ್ತಿದ್ದಳು. ಅಂಗಡಿ ಇನ್ನೂ ದೂರ ಇರುವಾಗಲೇ "ಅಣ್ಣಾ, ಅರ್ಧ ಕೇಜಿ ಹುರುಳಿಕಾಳು, ಒಂದ್ ಕಟ್ಟು ಸಬ್ಬಸಿಗೆ ಸೊಪ್ಪು, ಬಾಡಿರೋದು ಕೊಡ್ಬೇಡ" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದಳು. ಯಾರೋ ನಮ್ಮ ಕಡೆಯ ಗಟ್ಟಿಗಿತ್ತಿ ಬರುತ್ತಿದ್ದಾಳೆ ಎಂದು ಹೊಸಬರು ತಿರುಗಿ ನೋಡಿದರೆ, ಸಣ್ಣ ಕಣ್ಣಿನ, ಚಪ್ಪಟೆ ಮೂಗಿನ, ಬೆಳ್ಳಗಿನ ನೇಪಾಳದ ಮುಖವೊಂದು ಚೀಲ ಹಿಡಿದು ನಿಂತಿರುತ್ತಿತ್ತು. ಕೂಗಿದವಳು ಇನ್ನೊಬ್ಬಳು ಇರಬೇಕೆಂದು ಅವರು ಅವಳ ಬೆನ್ನ ಹಿಂದೆ ಹುಡುಕುತ್ತಿದ್ದರು.

ಬೀದಿ ಹೆಣ್ಣಿನ ಹಾಗೆ ಯಾಕೆ ಕೂಗುತ್ತೀಯ ಎಂದು ಒಂದು ದಿನ ಬೈದೆ.

"ಮೊದ್ಲು ನಾನು ಮಾತಾಡ್ಬಿಡಬೇಕು ಅಜ್ಜಿ. ಅವರು ಮೊದ್ಲು ಬಾಯಿ ಬಿಟ್ರೆ ಹಿಂದಿ ಬರುತ್ತೆ. ಹಿಂದಿ ಬಂದ್ಮೇಲೆ ನಾನು ಎಷ್ಟು ಕನ್ನಡ ಆಡಿದ್ರೂ, ಪರವಾಗಿಲ್ಲ ಚೆನ್ನಾಗಿ ಕಲ್ತಿದ್ದೀಯ ಅಂತಾರೆ. ನಾನೇನು ಕಲ್ತಿದ್ದೀನಾ? ನೀವು ಕಲ್ತಿದ್ದೀರಾ?"

ನಾನು ಹುಟ್ಟಿದ್ದು ವರ್ತೂರಿನಲ್ಲಿ, ಕೊಟ್ಟದ್ದೂ ವರ್ತೂರಿಗೆ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ನನ್ನನ್ನು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಹೊಲ ಹೋದ ಮೇಲೆ ಉಳಿದ ಜಾಗದಲ್ಲಿ ಮಗ ಸಾಲು ಮನೆ ಕಟ್ಟಿಸಿದ. ಅವನು ಬೆಳಿಗ್ಗೆ ಎದ್ದು ಹೋಗುತ್ತಾನೆ, ಬಾಡಿಗೆಗೆ ಬರುವವರ ಮುಖ ನೋಡುವುದು ನನ್ನ ಪಾಲಿನ ಕೆಲಸ.

ಅವಳು ಮನೆ ಕೇಳಿಕೊಂಡು ಬಂದ ದಿನ ನಾನು ಗೇಟಿನ ಹತ್ತಿರ ಕೂತು ಹುಣಿಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಆ ಮುಖಕ್ಕೆ ಇಷ್ಟು ಸಾಕು ಎಂದುಕೊಂಡು "ಮನೆ ನಹಿ, ನಹಿ" ಎಂದು ಕೈಯಾಡಿಸಿದೆ. ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಯಾಕಜ್ಜಿ ನಹಿ? ಗೇಟಿಗೆ ಬೋರ್ಡ್ ನೇತಾಕಿ ನಹಿ ಅಂದ್ರೆ ಎಂಗೆ? ನೀರು ದಿನಾ ಬರುತ್ತಾ, ದಿನ ಬಿಟ್ಟು ದಿನಾನಾ, ಅದನ್ನ ಹೇಳಿ ಮೊದ್ಲು."

"ಯಾವೂರಮ್ಮ ನಿಂದು?"

"ಅಪ್ಪಂದು ಹೊಸಕೋಟೆ ಆಚೆ. ಅಮ್ಮಂದು ನೇಪಾಳ. ನಾನು ಹುಟ್ಟಿದ್ದು ಕಾಡುಗೋಡೀಲಿ. ನಿಮಗೆ ಯಾವುದು ಬೇಕೋ ಅದನ್ನ ಇಟ್ಕಳಿ."

ಹೆಸರು ಕೇಳಿದೆ. ಮುನಿಲಕ್ಷ್ಮಿ ಎಂದಳು. ನಮ್ಮ ಕಡೆ ಮನೆಗೊಬ್ಬಳು ಮುನಿಲಕ್ಷ್ಮಿ ಇರುತ್ತಾಳೆ, ನನ್ನ ನಾದಿನಿಯೇ ಒಬ್ಬಳು. ಆ ಹೆಸರು ಈ ಮುಖದ ಮೇಲೆ ಕೂತಿರುವುದು ನೋಡಿ ನನಗೆ ನಗು ಬಂತು. ಅವಳು ನಗಲಿಲ್ಲ. ನನ್ನ ನಗು ಮುಗಿಯಲಿ ಎಂದು ಬಸ್ಸಿಗೆ ಕಾಯುವವಳ ಹಾಗೆ ಸುಮ್ಮನೆ ನಿಂತಳು. ಮೂಲೆ ಮನೆಯ ಬೀಗದ ಕೈ ಕೊಟ್ಟೆ.

ಮಾತು ಜೋರಾದರೂ ಹುಡುಗಿಗೆ ಪುಕ್ಕಲು. ಗಲ್ಲಿಯಲ್ಲಿ ಬೈಕೊಂದು ಬಂದು ನಿಂತರೆ ಬಾಯಲ್ಲಿದ್ದ ತುತ್ತು ಅಗಿಯುವುದನ್ನು ನಿಲ್ಲಿಸುತ್ತಿದ್ದಳು. ಬೈಕು ಮುಂದೆ ಹೋದ ಮೇಲೆ ನುಂಗುತ್ತಿದ್ದಳು. ಬಂದು ವರ್ಷಗಳಾದರೂ ಬಟ್ಟೆಗಳನ್ನು ಚೀಲದಿಂದ ಇಳಿಸಲಿಲ್ಲ. ಗೋಡೆಯಲ್ಲಿ ಕಲ್ಲಿನ ಹಲಗೆ ಹಾಕಿಸಿಕೊಟ್ಟಿದ್ದೇವೆ, ಅದರ ಮೇಲೆ ಒಂದು ಬಾಚಣಿಗೆ, ಅವಳ ಅಮ್ಮನ ಒಂದು ಫೋಟೋ, ಅಷ್ಟೇ. ಹೊರಗೆ ಹೋಗುವಾಗ ಚೀಲದಿಂದ ತೆಗೆದು ಉಡುವುದು, ಒಗೆದು ಒಣಗಿಸಿ ಮತ್ತೆ ಚೀಲಕ್ಕೆ ತುಂಬುವುದು.

"ಹಲಗೆ ಏನು ಕಚ್ಚುತ್ತಾ?" ಎಂದು ಕೇಳಿದೆ.

"ಇಳಿಸಿದ್ರೆ ಮತ್ತೆ ತುಂಬ್ಬೇಕಾಗುತ್ತೆ ಅಜ್ಜಿ. ಈ ಮುಖ ನೋಡಿ ಓಡ್ಸೋಕೆ ಬಂದ್ರೆ, ತುಂಬೋಕೆ ಟೈಮ್ ಸಿಗಲ್ಲ."

ವೈಟ್‌ಫೀಲ್ಡಿನ ಬ್ಯೂಟಿ ಪಾರ್ಲರ್ ಒಂದರಲ್ಲಿ ಅವಳ ಕೆಲಸ. ಈ ಮುಖದವರ ಕೈ ನಯ ಎಂದು ಗಿರಾಕಿಗಳು ಹುಡುಕಿಕೊಂಡು ಬರುತ್ತಾರಂತೆ. ಅಲ್ಲಿನ ಯಜಮಾನಿ ಅವಳ ಎದೆಗೆ ರೋಸಿ ಎಂಬ ಹೆಸರಿನ ಬ್ಯಾಡ್ಜು ಚುಚ್ಚಿ, ಕನ್ನಡ ಮಾತಾಡಬೇಡ, ಮಾತಾಡಿದರೆ ನೀನು ಎಲ್ಲರ ಹಾಗೆ ಆಗಿಬಿಡುತ್ತೀಯ ಎಂದಿದ್ದಳು. ಅಂಗಡಿಬೀದಿಯಲ್ಲಿ ಅಷ್ಟು ಕೂಗುವವಳು ದಿನವಿಡೀ ಅಲ್ಲಿ ಮೂಕಿ. ಸಂಜೆ ಬಂದು ನನ್ನ ಮುಂದೆ ಕೂತು ಒಂದೇ ಸಮನೆ ಮಾತಾಡುತ್ತಿದ್ದಳು. ನನಗೆ ಸೀರಿಯಲ್ ನೋಡಲು ಬಿಡುತ್ತಿರಲಿಲ್ಲ.

ಒಂದು ದಿನ ಇಬ್ಬರು ಹೆಂಗಸರು ಕಾಲು ತಿಕ್ಕಿಸಿಕೊಳ್ಳಲು ಬಂದಿದ್ದರಂತೆ, ನಮ್ಮವರೇ. ಒಬ್ಬಳ ಕಾಲು ಇವಳ ತೊಡೆಯ ಮೇಲೆ. ಆ ಕಾಲಿನವಳು ಪಕ್ಕದವಳಿಗೆ, "ಇವ್ರೆಲ್ಲ ನಾಯಿ ತಿಂತಾರಂತೆ ಕಣೇ, ಕೈ ಮುಟ್ಟಿಸ್ಕೊಳ್ಳೋಕೆ ಒಂಥರಾ ಆಗುತ್ತೆ" ಎಂದಳು. ಇವಳು ಉಜ್ಜುವುದನ್ನು ಮುಗಿಸಿ ಟವಲಿನಲ್ಲಿ ಒರೆಸಿ, "ಇನ್ನೊಂದು ಕಾಲು ಕೊಡಕ್ಕ. ನಾಯಿ ಇನ್ನೂ ಬೆಂದಿಲ್ಲ, ಅಲ್ಲಿಗಂಟ ಇದನ್ನ ಮುಗಿಸ್ತೀನಿ" ಎಂದಳಂತೆ.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಆಮೇಲೆ?"

"ಆಮೇಲೇನು, ಯಜಮಾನಿ ನನ್ನ ಒಳಗೆ ಟವಲ್ ಒಗೆಯೋಕೆ ಹಾಕಿದ್ಲು. ಆ ಅಕ್ಕ ಮಾತ್ರ ಹೋಗುವಾಗ, ಎಷ್ಟ್ ಚೆನ್ನಾಗಿ ಕನ್ನಡ ಕಲ್ತಿದ್ದಾಳೆ ಅಂದ್ಲು." ಅಷ್ಟು ಹೇಳಿ ತನ್ನ ಕೈಗಳನ್ನು ನೋಡಿಕೊಂಡಳು. ಸೋಪಿನ ನೀರಿನಲ್ಲಿ ಬೆರಳೆಲ್ಲ ಬಿಳಿಚಿ ಸುಕ್ಕಾಗಿದ್ದವು.

ಅವಳ ಅಪ್ಪ ಮುನಿಯಪ್ಪ ಬೋರ್‌ವೆಲ್ ಲಾರಿಯ ಡ್ರೈವರು. ಅಮ್ಮ ದಿಲ್‌ಮಾಯಾ ಕಾಡುಗೋಡಿಯ ಪೀಜಿಯೊಂದರಲ್ಲಿ ಅಡುಗೆಯವಳು. ಅಲ್ಲಿ ಬೋರು ಕೊರೆಯಲು ಹೋದವನು ನೀರಿಗಿಂತ ಮೊದಲು ಹೆಂಡತಿಯನ್ನು ಕಂಡುಕೊಂಡ. ದಿಲ್‌ಮಾಯಾಳ ಗುಡ್ಡದಲ್ಲೂ ರಾಗಿ ಬೆಳೆಯುತ್ತಾರಂತೆ, ಹಿಟ್ಟು ಬೇಯಿಸಿ ತೊಳಸಿ ಧಿಂಡೋ ಎನ್ನುತ್ತಾರಂತೆ. ಮುನಿಲಕ್ಷ್ಮಿ ನನಗೂ ಒಮ್ಮೆ ಮಾಡಿಕೊಟ್ಟಳು. ತಿಂದು ನೋಡಿ, "ಇದು ಮುದ್ದೇನೇ ಕಣೇ. ಸರಿಯಾಗಿ ತಿರುವಿಲ್ಲ, ಅಷ್ಟೆ" ಎಂದೆ.

"ಅಪ್ಪಾನೂ ಇದೇ ಅಂದನಂತೆ. ಅಂದು, ಮಾರನೇ ದಿನಾನೂ ಬಂದನಂತೆ."

ಮುನಿಯಪ್ಪನ ಮನೆಯವರು ಆ ಹೆಂಡತಿಯನ್ನು ಊರೊಳಗೆ ಸೇರಿಸಲಿಲ್ಲ. ಅವನು ಲಾರಿ ಅಪಘಾತದಲ್ಲಿ ಸತ್ತಾಗ ಅಣ್ಣ ಬಂದು ಹೆಣವನ್ನು ಊರಿಗೆ ಒಯ್ದ. ಹೆಂಡತಿ ಮಗಳು ಬಸ್ಸು ಹಿಡಿದು ಹೋಗುವ ಹೊತ್ತಿಗೆ ಮಣ್ಣು ಮುಚ್ಚಿ ಆಗಿತ್ತು. ದಿಲ್‌ಮಾಯಾ ಕೆರೆ ಏರಿಯ ಮೇಲೆ ಮಗಳ ಕೈ ಹಿಡಿದು ನಿಂತು, ಹೊಸ ಮಣ್ಣು ಯಾವುದೆಂದು ದೂರದಿಂದ ನೋಡಿ ಹಿಂದಕ್ಕೆ ಬಂದಳು. ಮಗಳು ಕಾಲೇಜು ಸೇರಿದ ಹೊಸದರಲ್ಲಿ ಅವಳೂ ಕಾಮಾಲೆಯಲ್ಲಿ ಹೋದಳು. ಪೀಜಿಯವರು ಕರೆಂಟಿನ ಸ್ಮಶಾನಕ್ಕೆ ಒಯ್ದು ಸುಟ್ಟರು.

"ಅಪ್ಪ ಮಣ್ಣಲ್ಲವ್ನೆ, ಅಮ್ಮ ಹೊಗೆ ಆಗ್ಬಿಟ್ಳು. ಇಬ್ರನ್ನೂ ಒಂದ್ ಸಲ ಒಂದ್ ಕಡೆ ಕೂರಿಸ್ಬೇಕು ಅಜ್ಜಿ" ಎನ್ನುತ್ತಿದ್ದಳು. ಅದೊಂದು ಅವಳಿಗೆ ಹುಚ್ಚಿನ ಹಾಗೆ ಹಿಡಿದಿತ್ತು.

ನಮ್ಮಲ್ಲಿ ಮಾಲಯ ಅಮಾವಾಸ್ಯೆಗೆ ಸತ್ತ ಹಿರಿಯರಿಗೆ ಎಡೆ ಇಡುತ್ತೇವೆ. ಒಬ್ಬೊಬ್ಬರಿಗೆ ಒಂದೊಂದು ಬಾಳೆ ಎಲೆ, ಅವರವರು ಇಷ್ಟಪಡುತ್ತಿದ್ದದ್ದನ್ನು ಬಡಿಸಿ, ಬಾಗಿಲು ಮುಚ್ಚಿ ಮನೆಯವರೆಲ್ಲ ಹೊರಗೆ ಕೂರುತ್ತೇವೆ. ಸತ್ತವರು ಯಾರ ಕಣ್ಣೂ ಬೀಳದೆ ಉಣ್ಣಬೇಕು. ಸ್ವಲ್ಪ ಹೊತ್ತು ಬಿಟ್ಟು ಹಿರಿಯರೊಬ್ಬರು ಕೆಮ್ಮಿ ಬಾಗಿಲು ತೆಗೆಯುತ್ತಾರೆ. ನಾನು ಪ್ರತಿ ವರ್ಷ ಗಂಡನ ಎಲೆಗೆ ಖಾರದ ಬೋಟಿ ಗೊಜ್ಜು ಬಡಿಸುವುದನ್ನು ಅವಳು ಹೊಸಲಿನಾಚೆ ನಿಂತು ನೋಡುತ್ತಿದ್ದಳು. ಅವಳಿಗೆ ಬೇಕಾದದ್ದು ಇದೇ. ಅಪ್ಪನ ಊರಿನಲ್ಲಿ, ಅಪ್ಪನ ಮನೆಯೊಳಗೆ, ಅಪ್ಪನ ಎಲೆಯ ಪಕ್ಕ ಅಮ್ಮನಿಗೊಂದು ಎಲೆ.

"ನಿಮ್ಮಮ್ಮ ಏನು ಇಷ್ಟಪಡ್ತಿದ್ಲು?" ಎಂದು ಕೇಳಿದ್ದೇ ತಪ್ಪಾಯಿತು. ಗುಂದ್ರುಕ್ ಎಂದಳು. ಸಾಸಿವೆ ಸೊಪ್ಪನ್ನು ಜಜ್ಜಿ ಜಾಡಿಯಲ್ಲಿ ಒತ್ತಿ ಹುಳಿ ಬರಿಸಿ ಒಣಗಿಸುವುದು. ಮಾಡುವುದು ಅವಳಿಗೆ ಗೊತ್ತಿರಲಿಲ್ಲ. ಎದುರಿನ ಅಪಾರ್ಟ್‌ಮೆಂಟಿನ ವಾಚ್‌ಮನ್ ಟೀಕಾರಾಮನ ಹೆಂಡತಿಯನ್ನು ಕೇಳಲು ಹೋದಳು. ಆ ಹೆಂಗಸು ಮುಖ ನೋಡಿ ಸಂತೋಷವಾಗಿ ನೇಪಾಳಿಯಲ್ಲಿ ಏನೇನೋ ಕೇಳಿದಳಂತೆ. ಇವಳಿಗೆ ಅಮ್ಮನ ಬೈಗುಳ ಬಿಟ್ಟರೆ ಆ ಮಾತು ಬರುವುದಿಲ್ಲ. ಆ ಹೆಂಗಸು ಒಳಗಿದ್ದ ಗಂಡನನ್ನು ಕರೆದು, ನೋಡು, ನಮ್ಮ ಮುಖ ಇಟ್ಟುಕೊಂಡು ಬಂದಿದ್ದಾಳೆ ಎನ್ನುವ ಹಾಗೆ ಏನೋ ಹೇಳಿ ನಕ್ಕಳಂತೆ. ಆದರೂ ಕಲಿಸಿಕೊಟ್ಟಳು. ನಮ್ಮ ತಾರಸಿಯ ಮೇಲೆ ಆ ಸೊಪ್ಪು ಒಣಗುವಷ್ಟು ದಿನ ನನ್ನ ಸೊಸೆ ರೂಪಾ ಮೂಗಿಗೆ ಸೆರಗು ಹಿಡಿದು ಬಟ್ಟೆ ಹರವಿದಳು.

ಆ ವಾರ ಮುನಿಲಕ್ಷ್ಮಿ ಸೊಪ್ಪು ತಿರುವುತ್ತಾ ಹೇಳಿದಳು: "ಎಲ್ರೂ ನನ್ನ ಅರ್ಧ ಅರ್ಧ ಅಂತಾರೆ ಅಜ್ಜಿ. ಅರ್ಧ ಆಗಿದ್ರೆ ಎಲ್ಲಾದ್ರೂ ಒಂದ್ ಮೂಲೇಲಿ ಹಿಡೀತಿದ್ದೆ. ಎರಡೂ ಪೂರ್ತಿ ಇದ್ದೀನಿ, ಅದಕ್ಕೇ ಯಾರ ಮನೇಲೂ ಜಾಗ ಸಾಲಲ್ಲ."

ಅಮಾವಾಸ್ಯೆಯ ದಿನ ನನ್ನನ್ನೂ ಅಪ್ಪನ ಊರಿಗೆ ಎಳೆದುಕೊಂಡು ಹೋದಳು. ನಮ್ಮ ಮನೆಯ ಎಡೆ ಸಂಜೆಗೆ, ಅಷ್ಟರೊಳಗೆ ಬಂದುಬಿಡೋಣ ಎಂದಳು. ದಾರಿಯುದ್ದಕ್ಕೂ ಅಮ್ಮನ ಎಡೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಏನು ಹೇಳಬೇಕು ಎಂದು ತುಟಿ ಅಲ್ಲಾಡಿಸುತ್ತಿದ್ದಳು. "ದೊಡ್ಡಪ್ಪಾ, ನಾನು ಮುನಿಯಪ್ಪನ ಮಗಳು" ಎಂಬುದನ್ನೇ ಬೇರೆ ಬೇರೆ ಥರ ಹೇಳಿ ನೋಡುತ್ತಿದ್ದಳು. ಹೊಸಕೋಟೆ ದಾಟಿ ಒಳದಾರಿ ಹಿಡಿದ ಮೇಲೆ ಎರಡೂ ಕಡೆ ಗೋಡೌನುಗಳು. ಅದರಲ್ಲೊಂದು ಅವಳ ಅಪ್ಪನ ಮನೆಯವರ ಹೊಲದಲ್ಲೇ ಎದ್ದಿದೆ ಎಂದು ಬಸ್ಸಿನಲ್ಲಿದ್ದ ಒಬ್ಬರು ಹೇಳಿದರು. ಭೂಮಿ ಇದ್ದ ಕಡೆ ಹೆಣ್ಣುಮಗಳು ಸುಮ್ಮನೆ ಎಲೆ ಹಾಕಲು ಬಂದಳು ಎಂದರೆ ಯಾರು ನಂಬುತ್ತಾರೆ. ನಾನಾಗಿದ್ದರೂ ನಂಬುತ್ತಿರಲಿಲ್ಲ.

ಹಾಗೇ ಆಯಿತು. ದೊಡ್ಡಮ್ಮ ಬಾಗಿಲಲ್ಲಿ ಕಂಡವಳೇ ಹಿಂದಿಯಲ್ಲಿ ಏನೋ ಕೇಳಿದಳು. ಇವಳು ಕನ್ನಡದಲ್ಲೇ ಅಪ್ಪನ ಹೆಸರು ಹೇಳಿ, ಬಗ್ಗಿ ಕಾಲು ಮುಟ್ಟಿದಳು. ಆಕೆ ಕಾಲು ಹಿಂದೆ ತೆಗೆದುಕೊಳ್ಳಲಿಲ್ಲ, ಬಾ ಎನ್ನಲೂ ಇಲ್ಲ. ಕಾಫಿ ತಂದುಕೊಟ್ಟು ಮತ್ತೆ ಹಿಂದಿಯಲ್ಲೇ ಸಕ್ಕರೆ ಸಾಕಾ ಎಂದಳು. ದೊಡ್ಡಪ್ಪ ನನ್ನ ಕಡೆ ನೋಡಿ ಮಾತಾಡಿದರು, ಅವಳ ಕಡೆ ಅಲ್ಲ.

"ನೀವು ಯಾರಮ್ಮ? ಲಾಯರ್ ಕಡೆಯೋರಾ?"

"ಇವಳು ಬಾಡಿಗೆಗಿರೋ ಮನೆಯೋಳು ನಾನು. ಹುಡುಗಿ ಎಲೆ ಹಾಕ್ತೀನಿ ಅಂದ್ಲು, ಬಂದ್ವಿ."

"ದೊಡ್ಡಪ್ಪಾ, ನಂಗೆ ಹೊಲ ಬೇಡ" ಎಂದಳು ಮುನಿಲಕ್ಷ್ಮಿ. ಅಭ್ಯಾಸ ಮಾಡಿದ್ದು ಯಾವುದೂ ಬಾಯಿಗೆ ಬರಲಿಲ್ಲ. "ಅಪ್ಪನ ಪಕ್ಕ ಅಮ್ಮಂಗೊಂದು ಎಲೆ. ಇಟ್ಟು ಹೊಂಟೋಗ್ತೀನಿ."

"ನಮ್ಮ ಹುಡುಗನ ಎಲೆ ನಾವು ವರ್ಷಾ ವರ್ಷಾ ಇಡ್ತೀವಿ. ಅದರಲ್ಲಿ ಕಮ್ಮಿ ಮಾಡಿಲ್ಲ. ಅವನ್ನ ಮದುವೆ ಆಗ್ದೇ ಸತ್ತೋನು ಅಂತ ಇಟ್ಟಿದ್ದೀವಿ. ಈಗ ಒಳಗೆ ಇನ್ನೊಂದು ಎಲೆ ಅಂದ್ರೆ, ಊರೋರು ಕೇಳ್ತಾರಲ್ಲಮ್ಮ."

ಗಂಡಹೆಂಡತಿ ಒಳಗೆ ಹೋಗಿ ಮಾತಾಡಿಕೊಂಡರು. ದೊಡ್ಡಮ್ಮ ಹೊರಗೆ ಬಂದು, ಬೇಕಾದರೆ ಜಗಲಿಯ ಮೇಲೆ ಇಟ್ಟುಕೋ ಎಂದಳು. ಆಮೇಲೆ ಏನೋ ನೆನಪಾದವಳ ಹಾಗೆ, ಕನ್ನಡದಲ್ಲಿ, "ನಿಮ್ಮಮ್ಮನ ಹೆಸರು ಏನಿತ್ತು?" ಎಂದು ಕೇಳಿದಳು. ಅಷ್ಟು ವರ್ಷದಲ್ಲಿ ಆ ಮನೆಯವರಿಗೆ ಅದು ಗೊತ್ತೇ ಇರಲಿಲ್ಲ.

ನಾನು ಎದ್ದು ಬಾ ಹೋಗೋಣ ಎಂದೆ. ಅವಳು ಏಳಲಿಲ್ಲ. ಜಗಲಿಯನ್ನು ಒರೆಸಿ ಎಲೆ ಹಾಕಿದಳು. ಸಡಿಲ ಮುದ್ದೆ, ಗುಂದ್ರುಕಿನ ಸಾರು, ಫೋಟೋ. ಒಳಗೆ ಮುನಿಯಪ್ಪನಿಗೂ ಅವರ ಹಿರಿಯರಿಗೂ ಬಡಿಸಿ ಬಾಗಿಲು ಮುಚ್ಚಿದರು. ಎಲ್ಲರೂ ಅಂಗಳದಲ್ಲಿ ಕೂತೆವು. ಒಳಗಿನವರು ಬಾಗಿಲ ಹಿಂದೆ ನೆಮ್ಮದಿಯಾಗಿ ಉಣ್ಣುತ್ತಿದ್ದರು. ಹೊರಗಿನವಳ ಎಲೆಗೆ ಕೋಳಿಗಳು ಬಂದವು, ನಾಯಿ ಬಂತು. ಸತ್ತವರು ಉಣ್ಣುವಾಗ ನೋಡಬಾರದು ಎಂದು ಅವಳು ಎಲೆಗೆ ಬೆನ್ನು ಮಾಡಿ ಕೂತು, ಕೈಯನ್ನು ಹಿಂದಕ್ಕೆ ಬೀಸುತ್ತಾ ಕೋಳಿ ಓಡಿಸುತ್ತಿದ್ದಳು. ದೊಡ್ಡಪ್ಪ ಕೆಮ್ಮುವವರೆಗೂ ಬೀಸಿದಳು.

ಬಾಗಿಲು ತೆಗೆದ ಕೂಡಲೇ ಅವಳು ಎದ್ದು ಸೀದಾ ಒಳಗೆ ನಡೆದಳು. ಯಾರೂ ಕರೆದಿರಲಿಲ್ಲ. ಅಪ್ಪನ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಜಗಲಿಗೆ ಬಂದು, ಅದರಲ್ಲಿ ಇದ್ದದ್ದನ್ನೆಲ್ಲ ಅಮ್ಮನ ಎಲೆಗೆ ಸುರಿದು, ಅಪ್ಪನ ಎಲೆಯನ್ನು ಮೇಲೆ ಮುಚ್ಚಿದಳು.

"ಗಂಡ ಉಂಡ ಎಲೇಲಿ ಹೆಂಡ್ತಿ ಉಣ್ಣೋದು ನಮ್ಮ ಪದ್ಧತಿ ತಾನೇ ದೊಡ್ಡಮ್ಮ" ಎಂದಳು.

ದೊಡ್ಡಮ್ಮ ಹೂಂ ಎಂದಳು, ಅವಳಿಗೇ ತಿಳಿಯದ ಹಾಗೆ.

ವಾಪಸು ಬರುವಾಗ ಅವಳು ಗೆದ್ದೆ ಎಂದುಕೊಂಡಿರಬೇಕು ಎಂದು ನಾನು ತಿಳಿದಿದ್ದೆ. ಬಸ್ಸು ಒಳದಾರಿಯಿಂದ ದೊಡ್ಡ ರಸ್ತೆಗೆ ಬರುವುದರೊಳಗೆ ಅವಳ ಮುಖ ಸುಟ್ಟ ಬದನೆಕಾಯಿಯ ಹಾಗಾಯಿತು.

"ಅಮ್ಮ ಬಂದಿದ್ಲಾ ಅಜ್ಜಿ?"

"ಎಲೆ ಹಾಕಿದ್ಮೇಲೆ ಬರ್ತಾರೆ."

"ಆ ಊರೊಳಗೆ ಅವಳಿಗೆ ದಾರೀನೇ ಗೊತ್ತಿಲ್ವಲ್ಲ. ಕೆರೆ ಏರಿಗಂಟ ಬಂದಿದ್ಲು ಅಷ್ಟೆ. ಅಲ್ಲೇ ನಿಂತವ್ಳೋ ಏನೋ." ಖಾಲಿ ಡಬ್ಬಿಯ ಮುಚ್ಚಳ ತಿರುವುತ್ತಾ, "ಅವಳ ಕಡೆಯೋರಿಗೆ ಅವಳು ಸತ್ತಿದ್ದೂ ಗೊತ್ತಿಲ್ಲ. ಬದುಕವ್ಳೆ ಅಂದ್ಕೊಂಡು ಇನ್ನೂ ಕಾಯ್ತಿರ್ತಾರೆ. ಯಾರಾದ್ರೂ ಹೋಗಿ ಹೇಳ್ಬೇಕಲ್ವಾ?"

ನಮ್ಮ ಮನೆಯಲ್ಲಿ ಒಂದು ಎಲೆ ಹಾಕು ಎಂದು ಆ ಸಂಜೆ ಹೇಳಿದೆ. ಬೇಡ ಎಂದಳು. ಇನ್ನೊಬ್ಬರ ಮನೆಯಲ್ಲಿ ಅಮ್ಮನನ್ನು ಕೂರಿಸಿ ಕೂರಿಸಿ ಸಾಕಾಗಿದೆ ಎಂದಳು. ಅದೇ ವಾರ ಟೀಕಾರಾಮನ ಸಂಸಾರ ಅವರ ದಸರಾ ಹಬ್ಬಕ್ಕೆ ಊರಿಗೆ ಹೊರಟಿತ್ತು. ಅವರ ಜೊತೆ ಇವಳೂ ರೈಲಿಗೆ ಟಿಕೆಟ್ ಮಾಡಿಸಿದಳು. ಅಮ್ಮನ ಹಳ್ಳಿಯ ಹೆಸರು, ಅಜ್ಜನ ಹೆಸರು, ಇಷ್ಟೇ ಅವಳಿಗೆ ಗೊತ್ತಿದ್ದದ್ದು.

ಹೊರಟ ಬೆಳಿಗ್ಗೆ ಗೇಟಿನ ಹತ್ತಿರ ನಿಂತು ಬೈದೆ. ಅಲ್ಲಿ ಚಳಿ, ಇದ್ದ ಸ್ವೆಟರ್ ಒಂದೂ ಸಾಲದು, ಯಾರನ್ನು ನಂಬುತ್ತೀಯ, ಸಿಕ್ಕದಿದ್ದರೆ ಏನು ಮಾಡುತ್ತೀಯ ಎಂದೆಲ್ಲ. ಅವಳು ಒಂದು ಸಣ್ಣ ಚೀಲ ಹಾಕಿಕೊಂಡಿದ್ದಳು.

"ಅಲ್ಲಿ ನನ್ನ ಮುಖ ನೋಡಿ ಯಾರೂ ಏನೂ ಕೇಳಲ್ಲ ಅಜ್ಜಿ. ಬಾಯಿ ಬಿಟ್ರೇನೆ ತೊಂದ್ರೆ."

"ಬಾಯಿ ಮುಚ್ಕೊಂಡಿರು."

"ಅದು ನನ್ ಕೈಲಿ ಆಗುತ್ತಾ?" ಎಂದು ನಕ್ಕಳು. ಗಲ್ಲಿ ತಿರುಗುವವರೆಗೆ ಟೀಕಾರಾಮನ ಹೆಂಡತಿಗೆ ಕನ್ನಡದಲ್ಲಿ ಏನೋ ಹೇಳುತ್ತಾ ಹೋದಳು. ಆ ಹೆಂಗಸಿಗೆ ಒಂದಕ್ಷರ ತಿಳಿದಿರಲಿಕ್ಕಿಲ್ಲ.

ಗಡಿಯ ಈಚೆಯಿಂದ ಒಮ್ಮೆ ಫೋನು ಮಾಡಿದಳು. ಬಸ್ಸು ಸಿಕ್ಕಿತು, ಮುದ್ದೆಯಿಲ್ಲದೆ ನಾಲಿಗೆ ಕೆಟ್ಟಿದೆ ಎಂದಳು. ಆಮೇಲೆ ಆ ನಂಬರು ಸತ್ತೇ ಹೋಯಿತು. ಹಬ್ಬ ಮುಗಿಸಿ ಬಂದ ಟೀಕಾರಾಮನನ್ನು ಗೇಟಿನಲ್ಲೇ ಹಿಡಿದೆ. ಒಂದು ಪೇಟೆಯಲ್ಲಿ ಅವಳು ಇಳಿದಳು, ಅಲ್ಲಿಂದ ಗುಡ್ಡಕ್ಕೆ ಹೋಗುವ ಜೀಪು ಹತ್ತಿದಳು, ತಾನು ನೋಡಿದ್ದು ಅಷ್ಟೇ ಎಂದ. ಜೊತೆಗೆ ಹೋಗಬಾರದಿತ್ತೇ ಎಂದು ಕೇಳಿದೆ. ಆ ಕಡೆ ಗುಡ್ಡ ಕುಸಿಯುತ್ತದಂತೆ, ರಸ್ತೆ ತಿಂಗಳುಗಟ್ಟಲೆ ಮುಚ್ಚುತ್ತದಂತೆ. ಚಳಿಗಾಲದಲ್ಲಿ ಒಂದು ಸಲ ಉದ್ದನೆಯ ನಂಬರಿನಿಂದ ನನ್ನ ಫೋನಿಗೆ ಕರೆ ಬಂತು. ಎತ್ತಿದರೆ ಬರೀ ಗಾಳಿ. ನಾನು "ಲೇ, ಮಾತಾಡೇ" ಎಂದು ಕೂಗಿದೆ. ಕಟ್ಟಾಯಿತು. ತಿರುಗಿ ಮಾಡಿದರೆ ಹೋಗಲಿಲ್ಲ. ಅವಳಾಗಿದ್ದರೆ ಮೊದಲು ಅವಳೇ ಮಾತಾಡುತ್ತಿದ್ದಳು ಎಂದು ರೂಪಾ ಹೇಳಿದಳು. ಅದೇ ನನಗೂ ಭಯ.

ಮಗ ಮೂಲೆ ಮನೆಯನ್ನು ಬೇರೆಯವರಿಗೆ ಕೊಡೋಣ ಎಂದ. ಗುಡಿಸಿ ಸಾರಿಸಲೆಂದು ಬಾಗಿಲು ತೆಗೆದೆ. ಕಲ್ಲಿನ ಹಲಗೆಯ ಮೇಲೆ ಅವಳ ಬಟ್ಟೆಗಳೆಲ್ಲ ಇದ್ದವು. ಚೂಡಿದಾರಗಳು ಒಂದು ಕಡೆ, ಸೀರೆಗಳು ಒಂದು ಕಡೆ, ಮಡಿಸಿ ಇಟ್ಟಿದ್ದಳು. ಪಕ್ಕದಲ್ಲಿ ಗುಂದ್ರುಕಿನ ಜಾಡಿ, ಅಮ್ಮನ ಫೋಟೋ. ದೊಡ್ಡ ಚೀಲ ಖಾಲಿಯಾಗಿ ಮೊಳೆಗೆ ನೇತಾಡುತ್ತಿತ್ತು. ನಾನು ಬಾಗಿಲು ಹಾಕಿ ಬಂದೆ. ಯಾರಿಗೂ ಕೊಡುವುದಿಲ್ಲ ಎಂದೆ.

ಈ ವರ್ಷದ ಅಮಾವಾಸ್ಯೆಗೆ ನನ್ನ ಅತ್ತೆ, ಮಾವ, ಗಂಡ ಇವರ ಎಲೆಗಳ ಸಾಲಿಗೆ ಇನ್ನೊಂದು ಎಲೆ ಹಾಕಿದೆ. ಒಳಗೇ ಹಾಕಿದೆ. ದಿಲ್‌ಮಾಯಾಳ ಫೋಟೋ ಇಟ್ಟು, ಮುದ್ದೆಯನ್ನು ಸರಿಯಾಗಿ ತಿರುವದೆ ಸಡಿಲವಾಗಿ ಬಡಿಸಿ, ಜಾಡಿಯಲ್ಲಿದ್ದ ಆ ನಾತದ ಸೊಪ್ಪಿನ ಸಾರು ಹಾಕಿದೆ.

"ಏನಮ್ಮ ಇದು, ನಮ್ಮ ಜನ ಏನಂದ್ಕತಾರೆ?" ಎಂದ ಮಗ.

"ನಮ್ಮ ಜನ ಎಲ್ಲ ಒಳಗೇ ಕೂತವ್ರೆ. ಅವರನ್ನೇ ಕೇಳು ಹೋಗು" ಎಂದೆ.

ರೂಪಾ ಎಲೆ ಕಟ್ಟಿನಲ್ಲಿ ಉಳಿದಿದ್ದ ಒಂದು ಎಲೆ ಹಿಡಿದುಕೊಂಡು ನಿಂತಿದ್ದಳು. ಸ್ವಲ್ಪ ಅಳುಕಿ, "ಅತ್ತೆ, ಮುನಿಲಕ್ಷ್ಮಿಗೂ ಒಂದು..." 

"ಅವಳಿಗ್ಯಾಕೆ ಎಲೆ? ತಟ್ಟೇಲಿ ಹಾಕಿ ಅವಳ ಮನೇಲಿ ಮುಚ್ಚಿಡು."

ಬಾಗಿಲು ಮುಚ್ಚಿ ಹೊರಗೆ ಕೂತೆವು. ಮಗ ಫೋನು ನೋಡುತ್ತಿದ್ದ. ನಾನು ಗೇಟಿನ ಕಡೆ ನೋಡಲಿಲ್ಲ, ಕಿವಿ ಮಾತ್ರ ಬೀದಿಯ ಕೊನೆಯ ಅಂಗಡಿಯ ಕಡೆಗಿತ್ತು. ಯಾರೋ ಹೆಂಗಸು ಕೊತ್ತಂಬರಿ ಸೊಪ್ಪಿಗೆ ಚೌಕಾಸಿ ಮಾಡುತ್ತಿದ್ದಳು, ಹಿಂದಿಯಲ್ಲಿ. ಒಂದು ಬೈಕು ಬಂದು ನಿಂತು ಹೋಯಿತು. ಒಳಗಿನವರು ಉಂಡು ಮುಗಿಸಲು ಬೇಕಾದಷ್ಟು ಹೊತ್ತಿಗಿಂತ ಜಾಸ್ತಿಯೇ ಆಗಿತ್ತು. ಸಾರು ಆರಿಹೋಗುತ್ತದೆ ಅತ್ತೆ ಎಂದು ರೂಪಾ ಹೇಳಿದ ಮೇಲೆ ಎದ್ದು, ಕೆಮ್ಮಿ, ಬಾಗಿಲು ತೆಗೆದೆ.